ಜಪಾನಿನ ಅಸುಕಾ ಹಳ್ಳೀಲಿ ಒಂದು ಮನೇಲಿ ಒಂದು ದಿನ: ಮುಂದೆ ಹೋಗೋ ಸ್ಟೂಡೆಂಟ್ಸಿಗೆ

ಕಳೆದ ನವೆಂಬರಲ್ಲಿ ನಮ್ಮ ಕಾಲೇಜಿಂದ 14 ಜನ ಸ್ಟೂಡೆಂಟ್ಸು, ಇಬ್ಬರು ಮೇಡಂ ಸೇರಿ 8 ದಿನ ಜಪಾನಿಗೆ ಹೋಗಿದ್ವಿ. ಒಸಾಕಾ, ನಾರಾ, ಕ್ಯೋಟೋ ಎಲ್ಲಾ ನೋಡಿದ್ವಿ, ಆದ್ರೆ ದಾವಣಗೆರೆಗೆ ವಾಪಸ್ ಬಂದ್ಮೇಲೆ ಯಾರೇ ಕೇಳಿದ್ರೂ ನಾನು ಮೊದಲು ಹೇಳೋದು ಅಸುಕಾ ಅನ್ನೋ ಹಳ್ಳೀಲಿ ಒಂದು ಮನೇಲಿ ಇದ್ದ ಆ ಒಂದು ದಿನದ ಬಗ್ಗೇನೇ. ಈ ವರ್ಷ ಜೂನಿಯರ್ಸ್ ಹೊರಟಿದಾರೆ, ದಿನಾ ಒಬ್ಬರಾದ್ರೂ ಮೆಸೇಜ್ ಮಾಡಿ ಏನು ತಗೊಂಡ್ಹೋಗ್ಬೇಕು, ಊಟ ಏನ್ಮಾಡೋದು ಅಂತ ಕೇಳ್ತಾರೆ, ಒಬ್ಬೊಬ್ಬರಿಗೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದುಬಿಡ್ತೀನಿ. ದೊಡ್ಡ ಬುದ್ಧನ ಗುಡಿ ಮುಂದೆ ಯಾವಾಗ ಬೇಕಾದ್ರೂ ಟಿಕೆಟ್ ತಗೊಂಡು ನೋಡ್ಬಹುದು. ಗುರುತು ಪರಿಚಯ ಇಲ್ಲದೋರು ತಮ್ಮ ಅಡುಗೆಮನೆ ಒಳಗೆ ಕರ್ಕೊಂಡು ಕೈಗೆ ಚಾಕು ಕೊಟ್ಟು "ಬಾ, ಹೆಚ್ಚು" ಅನ್ನೋದು ದುಡ್ಡಿಗೆ ಸಿಗಲ್ಲ. ಅದಕ್ಕೇ ಆ ಒಂದು ದಿನಕ್ಕೆ ಉಳಿದ ಏಳು ದಿನಕ್ಕಿಂತ ಜಾಸ್ತಿ ತಯಾರಿ ಮಾಡ್ಕೊಂಡು ಹೋಗಿ.

ಮೊದಲು ಜಾಗದ ಬಗ್ಗೆ. ಅಸುಕಾ ಇರೋದು ನಾರಾ ಪ್ರಾಂತ್ಯದಲ್ಲಿ, ಒಸಾಕಾದ ಅಬೆನೋಬಾಶಿ ಸ್ಟೇಷನ್ನಿಂದ ಕಿಂತೆತ್ಸು ಕಂಪನಿ ಟ್ರೇನಲ್ಲಿ ಮುಕ್ಕಾಲು ಗಂಟೆ ಹತ್ರ. 6-7ನೇ ಶತಮಾನದಲ್ಲಿ ಜಪಾನಿನ ರಾಜರು ಆಳ್ತಿದ್ದದ್ದು ಈ ಕಡೆಯಿಂದಾನೇ, ಈಗ ಮಾತ್ರ ಗದ್ದೆ, ಬೆಟ್ಟ, ಹೆಂಚಿನ ಮನೆಗಳು. 1980ರಲ್ಲಿ ಈ ಊರಿನ ಚಹರೆ ಕಾಪಾಡೋಕೆ ಅಂತಾನೇ ಒಂದು ವಿಶೇಷ ಕಾನೂನು ಮಾಡಿದಾರೆ, ಅದಕ್ಕೇ ಎತ್ತರದ ಬಿಲ್ಡಿಂಗೇ ಕಾಣಲ್ಲ. ಹೊರದೇಶದ ಸ್ಟೂಡೆಂಟ್ಸನ್ನ ಮನೆಗಳಲ್ಲಿ ಉಳಿಸ್ಕೊಳ್ಳೋದು ಈ ಊರಿಗೆ ಹೊಸದೇನಲ್ಲ. ಬೆಳಿಗ್ಗೆ ಎಲ್ರನ್ನೂ ಒಂದು ಹಾಲಲ್ಲಿ ಸೇರಿಸಿ ಪರಿಚಯ ಮಾಡಿಸ್ತಾರೆ, ಆಮೇಲೆ ಒಂದೊಂದು ಮನೆಯೋರು ಮೂರ್ನಾಲ್ಕು ಜನನ್ನ ಕಾರಲ್ಲಿ ಕರ್ಕೊಂಡ್ಹೋಗ್ತಾರೆ, ಮಾರನೇ ದಿನ ಬೆಳಿಗ್ಗೆ ಅಲ್ಲೇ ವಾಪಸ್ ತಂದು ಬಿಡ್ತಾರೆ. ನಾವು ಮೂರು ಜನ ಹುಡುಗೀರು ಹೋಗಿದ್ದು ಅಪ್ಪ, ಅಮ್ಮ, ಅಜ್ಜಿ ಇರೋ ಮನೆಗೆ. ಹೆಸರು ಹಿಡಿದು ಕರೆಯೋದಿಲ್ಲ, "ಒತೋಸಾನ್" ಅಂದ್ರೆ ಅಪ್ಪ, "ಒಕಾಸಾನ್" ಅಂದ್ರೆ ಅಮ್ಮ, ಅಜ್ಜಿಗೆ "ಒಬಾಚಾನ್", ಹಂಗೇ ಕರೀರಿ ಅಂತ ಅವ್ರೇ ಹೇಳ್ತಾರೆ. ಹಾಗೆ ಕರೆದ ಮೊದಲ ಸಲಾನೇ ಅರ್ಧ ಸಂಕೋಚ ಹೋಗಿಬಿಡುತ್ತೆ, ನಿಜ.

ಈಗ ಊಟ. ಇದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ನಮ್ಮ ಬ್ಯಾಚಲ್ಲಿ ತಪ್ಪಾಗಿದ್ದು ಇಲ್ಲೇ. ನಮ್ಮಿಂದ ತಗೊಂಡ ಫಾರ್ಮಲ್ಲಿ "ವೆಜಿಟೇರಿಯನ್" ಅಂತ ಒಂದು ಬಾಕ್ಸ್ ಇತ್ತು, 9 ಜನ ಟಿಕ್ ಹಾಕಿದ್ವಿ, ಅಷ್ಟೇ ಆ ಮನೆಗಳಿಗೆ ತಲುಪಿದ್ದು. ಅಲ್ಲಿ ತುಂಬಾ ಜನರಿಗೆ ಮಾಂಸ ತಿನ್ನಲ್ಲ ಅಂದ್ರೆ ದನ, ಹಂದಿ ತಿನ್ನಲ್ಲ ಅಂತ ಅರ್ಥ, ಮೀನು ಓಕೆ, ಕೆಲವರಿಗೆ ಕೋಳೀನೂ ಓಕೆ. ಅದಕ್ಕಿಂತ ಮುಖ್ಯ ದಾಶಿ. ದಾಶಿ ಅಂದ್ರೆ ಅಡುಗೆಗೆ ಹಾಕೋ ಸಾರದ ನೀರು, ನಮ್ಮಲ್ಲಿ ಬೇಳೆ ಕಟ್ಟು ಇದ್ದಂಗೆ ಅಂದ್ಕೊಳಿ, ಮೀಸೋ ಅನ್ನೋ ಹುದುಗಿಸಿದ ಸೋಯಾ ಪೇಸ್ಟಿನ ಸೂಪಿಂದ ಹಿಡಿದು ಪಲ್ಯದವರೆಗೂ ಎಲ್ಲಾದಕ್ಕೂ ಬೀಳುತ್ತೆ, ಮಾಮೂಲಿಯಾಗಿ ಅದನ್ನ ಮಾಡೋದು ಕಾತ್ಸುವೊಬುಶಿ ಅನ್ನೋ ಒಣಗಿಸಿದ ಮೀನಿನ ಚಕ್ಕೇಲಿ. ಕಣ್ಣಿಗೆ ಏನೂ ಕಾಣಲ್ಲ, ಅವರಿಗೂ ಅದು ಮೀನು ಅಂತ ತಲೆಗೆ ಬರಲ್ಲ. ನಮ್ಮ ಕ್ಲಾಸಿನ ಒಬ್ಬ ಹುಡುಗ ಇನ್ನೊಂದು ಮನೇಲಿದ್ದ, ಮೊಟ್ಟೇನೂ ಮುಟ್ಟದೋನು. ಅವ್ರು ಪಾಪ ಎರಡು ದಿನದಿಂದ ಯೋಚನೆ ಮಾಡಿ ಏಳೆಂಟು ಬಗೆ ಮಾಡಿಟ್ಟಿದ್ರಂತೆ, ಇವನು ಒಂದೊಂದನ್ನೂ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ಕೇಳಿ ಕೇಳಿ ಕೊನೆಗೆ ಬರೀ ಅನ್ನ, ಸೌತೆಕಾಯಿ ತಿಂದಿದಾನೆ, ಆ ಅಮ್ಮ ಕಣ್ಣಲ್ಲಿ ನೀರು ಹಾಕ್ಕೊಂಡು ಕ್ಷಮೆ ಕೇಳಿದ್ರಂತೆ. ಇಬ್ಬರದ್ದೂ ತಪ್ಪಿಲ್ಲ, ಆದ್ರೂ ಇಬ್ಬರಿಗೂ ನೋವು. ಇದು ನಿಮಗೆ ಆಗ್ಬಾರ್ದು.

ಅದಕ್ಕೆ ಫಾರ್ಮಿನ ಜೊತೆ ಇನ್ನೊಂದು ಹಾಳೆ ಸೇರಿಸಿ ಅಂತ ಕಾಲೇಜಲ್ಲಿ ಹಠ ಹಿಡೀರಿ, ಜಪಾನಿ ಓದೋಕೆ ಬರೋರತ್ರ ಬರೆಸಿ, ನಿಕು ಅಂದ್ರೆ ಮಾಂಸ, ಸಕಾನಾ ಅಂದ್ರೆ ಮೀನು, ತಮಾಗೊ ಅಂದ್ರೆ ಮೊಟ್ಟೆ, ಕಾತ್ಸುವೊ ದಾಶಿ, ಇದ್ರಲ್ಲಿ ಯಾವ್ಯಾವುದು ಬೇಡ ಅಂತ ಒಂದೊಂದಾಗಿ. ಬೇಡದ್ದರ ಜೊತೆ ಏನು ಆಗುತ್ತೆ ಅನ್ನೋದನ್ನೂ ಬರೀಲೇಬೇಕು, ಆಗ ಅವರಿಗೆ ಸಲೀಸು: ತೋಫು, ತರಕಾರಿ, ಅಣಬೆ, ಹಾಲು, ಆಮೇಲೆ ಕೊಂಬು ದಾಶಿ. ಕೊಂಬು ಅಂದ್ರೆ ಸಮುದ್ರದ ಒಂದು ಥರ ಪಾಚಿ, ಅದನ್ನ, ಇಲ್ಲಾ ಒಣಗಿಸಿದ ಶಿಯಿತಾಕೆ ಅಣಬೇನ ನೆನೆಸಿದ್ರೆ ಮೀನಿಲ್ಲದ ದಾಶಿ ಆಗುತ್ತೆ. ಕರಿ (curry) ಮಾಡೋಕೆ ಅಂಗಡೀಲಿ ಸಿಗೋ ಮಸಾಲೆ ಕ್ಯೂಬಲ್ಲಿ ಪ್ರಾಣಿ ಕೊಬ್ಬು ಇರೋದು ಮಾಮೂಲು, ತರಕಾರಿ ಕರಿ ಅಂತ ಕೊಟ್ರೂ ಒಂದ್ಸಲ ಕೇಳಿ. ನಾನ್ ವೆಜ್ ತಿನ್ನೋರಿಗೆ ಈ ತಾಪತ್ರಯ ಇಲ್ಲ, ಆದ್ರೆ ದನದ್ದು ಹಂದಿದು ಬೇಡ ಅಂದ್ರೆ ಅದನ್ನೂ ಮೊದಲೇ ಹೇಳಿಬಿಡಿ.

ನಮ್ಮ ಮೇಡಂ ಒಬ್ಬರು ಹೊರಡೋ ಹಿಂದಿನ ವಾರ ನಾವು ಉಳಿಯೋ ಅಸುಕಾ ಮನೆಯೋರಿಗೆ ಈ ಥರ ವಿವರವಾಗಿ ಮೇಲ್ ಮಾಡಿದ್ರು, ಅದರಿಂದ ನಾವು ಬಚಾವ್. ಮಧ್ಯಾಹ್ನ ಒಕಾಸಾನ್ ಮಾಡಿದ್ದು ನ್ಯೂಮೆನ್, ಅಂದ್ರೆ ಬಿಸಿ ಸಾರಲ್ಲಿ ಹಾಕಿದ ಸೋಮೆನ್. ಸೋಮೆನ್ ನೋಡಿದ್ ತಕ್ಷಣ ನಾವು ಮೂರೂ ಜನ "ಅಯ್ಯೋ ಶಾವಿಗೆ" ಅಂದ್ವಿ, ಗೋಧಿ ಹಿಟ್ಟನ್ನ ದಾರದ ಥರ ಎಳೆದೆಳೆದು ಒಣಗಿಸೋದು, ಪಕ್ಕದ ಸಕುರಾಯಿ ಊರಿನ ಮೀವಾ ಸೋಮೆನ್ ಅಂದ್ರೆ ಇಡೀ ಜಪಾನಿಗೆ ಹೆಸರು. ನಮ್ಮಜ್ಜಿ ಶಾವಿಗೆ ಹೊಸೆದು ಕೋಲಿನ ಮೇಲೆ ಒಣಹಾಕ್ತಿದ್ದದ್ದನ್ನ ಪೇಪರ್ ಮೇಲೆ ಚಿತ್ರ ಬಿಡಿಸಿ ತೋರಿಸಿದೆ, ಒಬಾಚಾನ್ ಎದ್ದುಹೋಗಿ ಸೋಮೆನ್ ಒಣಗಿಸೋ ಫೋಟೋ ಇರೋ ಕ್ಯಾಲೆಂಡರ್ ತಂದು ಪಕ್ಕ ಇಟ್ರು. ಆಮೇಲೆ ಮಾತು ನಿಲ್ಲಲೇ ಇಲ್ಲ.

ರಾತ್ರಿಗೆ ತಾಕೊಯಾಕಿ. ಒಸಾಕಾ ನಾರಾ ಕಡೆ ಮನೆಗಳಲ್ಲಿ ತಾಕೊಯಾಕಿ ಕಾವಲಿ ಇರೋದು ಸಾಮಾನ್ಯ, ನಮ್ಮ ಪಡ್ಡು ಕಾವಲೀನೇ ಅದು, ಗುಳಿ ಸ್ವಲ್ಪ ಚಿಕ್ಕದು ಅಷ್ಟೇ. ಅವ್ರು ಒಳಗೆ ಆಕ್ಟೋಪಸ್ ಚೂರು ಹಾಕ್ತಾರೆ, ನಮಗೋಸ್ಕರ ಚೀಸು, ಜೋಳ ಇಟ್ಟಿದ್ರು, ಹಿಟ್ಟೂ ಕೊಂಬು ನೀರಲ್ಲೇ ಕಲಸಿದ್ರು. ದಾವಣಗೆರೆ ಹುಡುಗೀರಿಗೆ ಪಡ್ಡು ತಿರುವೋದು ಹೇಳ್ಕೊಡ್ಬೇಕಾ, ಮೊಳೆ ಥರದ ಕಡ್ಡೀಲಿ ಟಕಟಕ ಅಂತ ತಿರುವಿದ್ವಿ, ಒತೋಸಾನ್ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ನಾನು ಹೇಳೋದು ಇಷ್ಟೇ, ಸೋಫಾ ಮೇಲೆ ಅತಿಥಿ ಥರ ಕೂತ್ಕೋಬೇಡಿ, ಅಡುಗೆಮನೆಗೆ ಹೋಗಿ ನಿಂತ್ಕೊಳಿ, ಕೆಲಸ ಕೇಳಿ. "ತೆತ್ಸುದಾಯಿಮಾಸು" ಅಂದ್ರೆ ನಾನೂ ಸಹಾಯ ಮಾಡ್ತೀನಿ ಅಂತ, ಈ ಒಂದು ಪದ ಬಾಯಿಪಾಠ ಮಾಡಿ.

ನಮ್ಮ ಕಡೆ ಅಡುಗೆ ಮಾಡಿ ತೋರಿಸ್ಬೇಕು ಅಂತ ಆಸೆ ಇದ್ರೆ ಚಿತ್ರಾನ್ನ ಬೇಡ, ಅವ್ರ ಅಕ್ಕಿ ಅಂಟು ಅಂಟು, ಉದುರುದುರಾಗಿ ಆಗಲ್ಲ. ಪ್ಯಾಕೆಟ್ ಉಪ್ಪಿಟ್ಟು ಮಿಕ್ಸ್ ಒಳ್ಳೇದು. ಒಣಮೆಣಸಿನಕಾಯಿ ಒಗ್ಗರಣೆ ಮಾತ್ರ ಕೊಡ್ಬೇಡಿ, ಬಾಗಿಲು ಮುಚ್ಚಿರೋ ಮನೇಲಿ ಘಾಟಿಗೆ ವಯಸ್ಸಾದೋರು ಕೆಮ್ಮಿ ಸುಸ್ತಾಗ್ತಾರೆ. ಶೇಂಗಾ, ಗೋಡಂಬಿ ಅಲರ್ಜಿ ಇದೆಯಾ ಅಂತ ಮೊದಲು ಕೇಳಿ. ಕರಿಬೇವು, ಮಾವಿನಕಾಯಿ, ವೀಳ್ಯದೆಲೆ, ಬೀಜ ಇವ್ಯಾವನ್ನೂ ಹಾಗೇ ಬ್ಯಾಗಲ್ಲಿ ಹಾಕ್ಕೊಂಡು ಹೋಗಬೇಡಿ, ಹಸಿ ಸೊಪ್ಪು ಹಣ್ಣು, ಮಾಂಸದ ಐಟಂ ಏರ್‌ಪೋರ್ಟಲ್ಲೇ ಹಿಡೀತಾರೆ, ಡೌಟಿದ್ರೆ ಡಿಕ್ಲೇರ್ ಮಾಡಿ. ಮಾತ್ರೆ ವಿಷಯದಲ್ಲಿ ಇನ್ನೂ ಹುಷಾರು, ಕೋಡೀನ್ ಇರೋ ಕೆಮ್ಮಿನ ಸಿರಪ್ಪು, ಸೂಡೋಎಫೆಡ್ರಿನ್ ಇರೋ ನೆಗಡಿ ಮಾತ್ರೆಗೆಲ್ಲ ಅಲ್ಲಿ ಕಟ್ಟುನಿಟ್ಟು, ಅಮ್ಮ ಕಟ್ಟಿಕೊಟ್ಟ ಮಾತ್ರೆ ಡಬ್ಬೀನ ಹೊರಡೋ ಮುಂಚೆ ಮೆಡಿಕಲ್ ಶಾಪಲ್ಲಿ ತೋರಿಸಿ ಒಂದೊಂದನ್ನೂ ಕೇಳ್ಕೊಳಿ.

ಗಿಫ್ಟ್ ಬೇಕೇ ಬೇಕು, ದುಬಾರಿದು ಬೇಡ. ಚನ್ನಪಟ್ಟಣದ ಬೊಂಬೆ, ಮೈಸೂರ್ ಸ್ಯಾಂಡಲ್ ಸೋಪು, ಫಿಲ್ಟರ್ ಕಾಫಿ ಪುಡಿ, ಇವು ಹಗುರ, ಒಡೆಯಲ್ಲ. ನಾಲ್ಕು ಪೀಸ್ ಇರೋ ಸೆಟ್ ಕೊಡ್ಬೇಡಿ, ನಾಲ್ಕು ಅನ್ನೋಕೂ ಸಾವು ಅನ್ನೋಕೂ ಅವರಲ್ಲಿ ಒಂದೇ ಉಚ್ಚಾರ, "ಶಿ". ಎರಡೂ ಕೈಲಿ ಕೊಡಿ, ನಿಮ್ಮೆದುರಿಗೆ ಬಿಚ್ಚಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಒಬಾಚಾನ್ ಸೋಪಿನ ಪ್ಯಾಕೆಟ್ ಮೂಸಿ ಕಣ್ಮುಚ್ಚಿ "ಬ್ಯಾಕುದಾನ್" ಅಂದ್ರು, ಅಂದ್ರೆ ಶ್ರೀಗಂಧ, ಅವ್ರ ಊದುಬತ್ತೀಲೂ ಅದೇ ಇರುತ್ತೆ. ಸೀದಾ ಎದ್ದು ದೇವರ ಗೂಡಿನ ಮುಂದೆ ಇಟ್ಟು ಬಂದ್ರು. ಬುತ್ಸುದಾನ್ ಅಂತಾರೆ ಅದಕ್ಕೆ, ಬುದ್ಧನ ಜೊತೆ ತೀರಿಹೋದ ಹಿರೀಕರ ನೆನಪಿಗೆ ಇರೋ ಗೂಡು, ಬೆಳಿಗ್ಗೆ ಆದ ಬಿಸಿ ಅನ್ನ ಮೊದಲು ಅಲ್ಲಿಗೆ ಎಡೆ. ನಮ್ಮಲ್ಲಿ ನೈವೇದ್ಯ ಇಟ್ಟಂಗೇ. ಕೇಳದೇ ಫೋಟೋ ತೆಗೀಬೇಡಿ. ಕೈ ಮುಗೀಬಹುದಾ ಅಂತ ಕೇಳಿದ್ರೆ ತುಂಬಾ ಖುಷಿ ಪಡ್ತಾರೆ, ನಾವು ಕೇಳಿದ್ಮೇಲೆ ಒತೋಸಾನ್ ತಾತನ ಫೋಟೋ ತೋರಿಸಿ "ತೆಂಜಿಕುವಿಂದ ಬಂದಿದಾರೆ" ಅಂತ ಪರಿಚಯ ಮಾಡ್ಸಿದ್ರು. ತೆಂಜಿಕು ಅಂದ್ರೆ ನಮ್ಮ ದೇಶಕ್ಕೆ ಅವರ ಹಳೇ ಹೆಸರು. ಹಿಂದಿನ ದಿನ ನಾರಾದ ತೋದಾಯಿಜಿ ಗುಡೀಲಿ ದೊಡ್ಡ ಬುದ್ಧನ್ನ ನೋಡ್ಕೊಂಡು ಬಂದಿದ್ವಿ, ಆ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದಿದ್ದು ಬೋಧಿಸೇನ ಅನ್ನೋ ಭಾರತದ ಭಿಕ್ಷು, ಅದನ್ನ ಹೇಳಿದಾಗ ಒತೋಸಾನ್‌ಗೆ ಆ ಹೆಸರೂ ಗೊತ್ತಿತ್ತು. ಹೋಗೋ ಮುಂಚೆ ಇಂಥದ್ದು ಒಂದೆರಡು ಓದ್ಕೊಂಡಿದ್ರೆ ಮಾತಿಗೆ ದಾರಿ ಆಗುತ್ತೆ.

ಮನೆ ಒಳಗಿನ ರೀತಿ ಬೇಗ ಹೇಳ್ತೀನಿ. ಬಾಗಿಲ ಹತ್ರ ತಗ್ಗಿನ ಜಾಗ ಇರುತ್ತೆ, ಅಲ್ಲಿ ಶೂ ಬಿಟ್ಟು ಮೇಲೆ ಹತ್ತಿ, ಶೂ ಮೂತಿ ಬಾಗಿಲ ಕಡೆ ತಿರುಗಿಸಿಡಿ. ಒಳಗೆ ಸ್ಲಿಪ್ಪರ್ ಕೊಡ್ತಾರೆ, ಚಾಪೆ ಹಾಸಿದ ತತಾಮಿ ರೂಮಿಗೆ ಅದೂ ಬೇಡ, ಟಾಯ್ಲೆಟ್ಟಿಗೆ ಬೇರೆ ಸ್ಲಿಪ್ಪರ್, ಅದನ್ನ ಅಲ್ಲೇ ಬಿಟ್ಟು ಬನ್ನಿ. ಸಾಕ್ಸ್ ಒಳ್ಳೇದು ಎರಡು ಜೊತೆ ಇರ್ಲಿ. ಸ್ನಾನ ರಾತ್ರಿ ಮಾಡ್ತಾರೆ, ಒಬ್ಬೊಬ್ಬರೇ ಹೋಗೋದು, ಗಾಬರಿ ಬೇಡ, ಹೊರಗೆ ಕೂತು ಸೋಪ್ ಹಚ್ಚಿ ಪೂರ್ತಿ ತೊಳ್ಕೊಂಡಮೇಲೆ ತೊಟ್ಟಿ ಒಳಗೆ ಇಳೀಬೇಕು, ಅದೇ ನೀರಲ್ಲಿ ಮನೆಯೋರೆಲ್ಲಾ ಕೂರ್ತಾರೆ. ಎದ್ದಾಗ ಅಡಿ ಬಿರಡೆ ಕೀಳಬೇಡಿ. ಕರೆಂಟು 100 ವೋಲ್ಟು, ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್ನು, ಅಡಾಪ್ಟರ್ ಇಲ್ಲಿಂದಾನೇ ತಗೊಳಿ. ನವೆಂಬರ್ ಕೊನೇಲಿ ಹಳೇ ಮನೆಗಳಲ್ಲಿ ರಾತ್ರಿ ಸಿಕ್ಕಾಪಟ್ಟೆ ಚಳಿ, ನಮ್ಮ ಕಡೆ ಸ್ವೆಟರ್ ಸಾಲಲ್ಲ, ಒಳಗೆ ಹಾಕೋ ಥರ್ಮಲ್ ಬೇಕು.

ಭಾಷೆ ಬರಲ್ಲ ಅಂತ ಹೆದರೋರೇ ಜಾಸ್ತಿ. ಟ್ರಾನ್ಸ್‌ಲೇಟ್ ಆ್ಯಪ್ ಇದೆ ನಿಜ, ಡೇಟಾ ಇರೋ ಸಿಮ್ ತಗೊಳಿ, ಆದ್ರೆ ಇಡೀ ದಿನ ಫೋನ್ ಮಧ್ಯ ಇಟ್ಕೊಂಡ್ರೆ ಮುಖ ನೋಡಿ ಮಾತಾಡೋದೇ ಮರೆತುಹೋಗುತ್ತೆ, ನಾವು ಸಂಜೆ ಮೇಲೆ ಫೋನ್ ಬ್ಯಾಗಲ್ಲಿಟ್ವಿ. ಕನ್ನಡದೋರಿಗೆ ಒಂದು ಅನುಕೂಲ ಇದೆ, ಅವ್ರ ಮಾತಲ್ಲೂ ಕ್ರಿಯಾಪದ ಕೊನೇಲೇ ಬರೋದು. ಇನ್ನೊಂದು, ನಾವು ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನಲ್ಲ, ಹೋಗ್ಬರ್ತೀನಿ ಅಂತೀವಲ್ಲ, ಅವ್ರೂ ಹಾಗೇ, "ಇತ್ತೆಕಿಮಾಸು" ಅಂದ್ರೆ ಹೋಗ್ಬರ್ತೀನಿ ಅಂತಾನೇ, ಒಳಗಿರೋರು "ಇತ್ತೆರಶ್ಶಾಯ್" ಅಂತಾರೆ, ಹೋಗ್ಬಾ ಅಂತ. ಮಧ್ಯಾಹ್ನ ಸೈಕಲ್ ತಗೊಂಡು ಇಶಿಬುತಾಯ್ ನೋಡೋಕೆ ಹೊರಟಾಗ ನಾನು ಅದನ್ನ ಹೇಳ್ದೆ, ಒಬಾಚಾನ್ ಬಾಗಿಲವರೆಗೂ ಬಂದು ಉತ್ತರ ಕೊಟ್ರು. ಇಶಿಬುತಾಯ್ ಅಂದ್ರೆ ಮೇಲಿನ ಮಣ್ಣೆಲ್ಲಾ ಹೋಗಿ ಬರೀ ಬಂಡೆ ಉಳಿದಿರೋ ಹಳೇ ಸಮಾಧಿ, ಚಾವಣಿ ಕಲ್ಲೊಂದೇ ಸುಮಾರು 77 ಟನ್ ಅಂತೆ, ಒಳಗೆ ಇಳಿದು ನೋಡ್ಬಹುದು. ನೋಡೋ ಜಾಗ ಇದೊಂದು ಸಾಕು, ಆ ದಿನ ಐದಾರು ಸ್ಪಾಟ್ ತುರುಕಿಸ್ಕೋಬೇಡಿ, ಮನೇಲಿ ಇರೋಕೆ ಟೈಮೇ ಸಿಗಲ್ಲ.

ನಮಗೆ ಸಿಕ್ಕ ದೊಡ್ಡ ಕೆಲಸ ಅಂದ್ರೆ ಕಾಕಿ ಹಣ್ಣಿಂದು, ಇಂಗ್ಲಿಷಲ್ಲಿ ಪರ್ಸಿಮನ್ ಅಂತಾರಲ್ಲ ಅದು. ಅವ್ರ ಹಿತ್ತಲಲ್ಲಿ ಒಗರು ಕಾಕಿ ಮರ, ಹಾಗೇ ತಿಂದ್ರೆ ನಾಲಿಗೆ ಹಿಡ್ಕೊಳ್ಳುತ್ತೆ. ತೊಟ್ಟಿನ ಜೊತೆ ಸಣ್ಣ ಕೊಂಬೆ ಚೂರು ಬಿಟ್ಟು ಕುಯ್ದು, ಸಿಪ್ಪೆ ಹೆರೆದು, ಆ ಚೂರಿಗೆ ಹಗ್ಗ ಕಟ್ಟಿ, ಕುದಿಯೋ ನೀರಲ್ಲಿ ಒಂದ್ಸಲ ಅದ್ದಿ ತೆಗೆದು ಸೂರಿನ ಕೆಳಗೆ ಸಾಲಾಗಿ ನೇತು ಹಾಕೋದು, ಬಿಸಿಲು ಗಾಳಿಗೆ ಒಣಗ್ತಾ ಒಣಗ್ತಾ ಒಗರು ಹೋಗಿ ಸಿಹಿ ಆಗುತ್ತೆ, ಹೊಶಿಗಾಕಿ ಅಂತಾರೆ. ಮೂರು ಜನ ಒಬಾಚಾನ್ ಜೊತೆ ಕೂತು ಎರಡು ಗಂಟೆ ಸಿಪ್ಪೆ ಹೆರೆದ್ವಿ, ಬೇಸಿಗೇಲಿ ಅಜ್ಜಿ ಜೊತೆ ಸಂಡಿಗೆ ಇಟ್ಟಂಗೇ, ಮಾತು ಕಮ್ಮಿ, ಮಧ್ಯ ಮಧ್ಯ ನಗು. ನಂದು ದಪ್ಪ ದಪ್ಪ ಸಿಪ್ಪೆ ಬರ್ತಿತ್ತು, ಅವ್ರು ಏನೂ ಅನ್ನದೇ ನನ್ನ ಕೈ ಹಿಡಿದು ಚಾಕು ಓರೆ ಮಾಡಿ ತೋರಿಸಿದ್ರು.

ಕೊನೇದಾಗಿ, ವಾಪಸ್ ಬಂದ್ಮೇಲೆ ಮೆಸೇಜ್ ಹಾಕಿ ಸುಮ್ನಾಗ್ಬೇಡಿ, ಒಂದು ಕಾಗದ ಬರೀರಿ, ಪೋಸ್ಟ್ ಅಡ್ರೆಸ್ ಅಲ್ಲೇ ಜಪಾನಿ ಅಕ್ಷರದಲ್ಲಿ ಬರೆಸ್ಕೊಂಡು ಬಂದಿರಿ, ಜೊತೆಗೆ ಎರಡ್ಮೂರು ಫೋಟೋ ಪ್ರಿಂಟ್ ಹಾಕ್ಸಿ ಇಡಿ, ಫೋನ್ ಅಷ್ಟಾಗಿ ಮುಟ್ಟದ ಅಜ್ಜಿಯಂದಿರಿಗೆ ಅದೇ ಮುಖ್ಯ. ನಾನು ಡಿಸೆಂಬರಲ್ಲಿ ಕಳಿಸಿದ್ದೆ. ಜನವರೀಲಿ ಒಕಾಸಾನ್ ಒಂದು ಫೋಟೋ ಕಳಿಸಿದ್ರು, ತಟ್ಟೇಲಿ ಕಂದು ಬಣ್ಣಕ್ಕೆ ತಿರುಗಿದ ಹೊಶಿಗಾಕಿ, ಮೇಲೆ ಬಿಳಿ ಹುಡಿ ಕೂತಿತ್ತು, ಒಂದರ ಪಕ್ಕ ಒಬಾಚಾನ್ ಬೆರಳಿಟ್ಟು ತೋರಿಸ್ತಿದಾರೆ, ಕೆಳಗೆ ಬರೆದಿತ್ತು, ದಪ್ಪ ಸಿಪ್ಪೆ ಹೆರೆದಿದ್ದ ಸಾಲು ಇದು, ಬೇಗ ಒಣಗಿತು, ಸಿಹಿಯಾಗಿದೆ ಅಂತ.