ತೂಕ ಇಳಿಸುವ ಆಪರೇಶನ್ ಸರಕಾರದ ಖರ್ಚಿನಲ್ಲಿ ಆಗುತ್ತದೆಯೇ?

ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬದಿಯಡ್ಕ ಪೇಟೆಯಲ್ಲಿ ಬೆಂಡೆಕಾಯಿ ಆರಿಸುತ್ತಿರುವಾಗಲೂ ಯಾರಾದರೂ ಪಕ್ಕಕ್ಕೆ ಬಂದು, "ಸಿಸ್ಟರೇ, ನನಗೆ ತೊಂಬತ್ತು ಕಿಲೋ. ಫ್ರೀ ಆಗಬಹುದಾ?" ಎಂದು ಕೇಳುತ್ತಾರೆ.

ಬರೀ ಕಿಲೋ ಹೇಳಿದರೆ ಉತ್ತರ ಸಿಗುವುದಿಲ್ಲ. ಎತ್ತರ ಎಷ್ಟು, ಜೊತೆಗೆ ಯಾವ ಕಾಯಿಲೆ ಇದೆ ಎಂದು ನಾನು ತಿರುಗಿ ಕೇಳುತ್ತೇನೆ.

ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಬರುತ್ತದೆ. 160 ಸೆಂಟಿಮೀಟರ್ ಎತ್ತರ, 90 ಕಿಲೋ ಎಂದರೆ ಸುಮಾರು 35. 1991ರಲ್ಲಿ ಅಮೆರಿಕದಲ್ಲಿ ಹಾಕಿದ ಗೆರೆಯ ಪ್ರಕಾರ 40 ಇದ್ದರೆ ಆಪರೇಶನ್ ಯೋಚಿಸಬಹುದು. 35 ಇದ್ದರೆ ಬೊಜ್ಜಿನಿಂದ ಬಂದ ಗಂಭೀರ ಕಾಯಿಲೆಯೂ ಇರಬೇಕು. ನಮ್ಮಂಥವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಬೆಳೆದು ಸಕ್ಕರೆ ಕಾಯಿಲೆ ಹತ್ತುವುದರಿಂದ ಏಷ್ಯಾದವರಿಗೆ 37.5 ಮತ್ತು 32.5 ಎಂಬ ಗೆರೆ ಬಂತು. ಇಂಗ್ಲೆಂಡಿನ ಸರಕಾರಿ ವ್ಯವಸ್ಥೆಯೂ ದಕ್ಷಿಣ ಏಷ್ಯಾ ಮೂಲದವರಿಗೆ 2.5 ಇಳಿಸಿಯೇ ನೋಡುತ್ತದೆ. 2022ರಲ್ಲಿ ಶಸ್ತ್ರವೈದ್ಯರ ಸಂಘಗಳು ಇನ್ನೂ ಕೆಳಗಿಳಿಸಿವೆ. ಆದರೆ ವೈದ್ಯರು ಗೆರೆ ಇಳಿಸಿದರೆಂದು ಹಣ ಕೊಡುವವರು ಇಳಿಸಬೇಕೆಂದಿಲ್ಲ. ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಗೆಂದು ಬರೆದದ್ದು 40 ಮತ್ತು 35ನ್ನೇ. 35ರ ಜೊತೆಗೆ ಅದು ಹೆಸರಿಸಿದ್ದು ನಾಲ್ಕು: ಬೊಜ್ಜಿನಿಂದ ಹೃದಯದ ಸ್ನಾಯು ಕೆಟ್ಟಿರುವುದು, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಟೈಪ್ 2 ಮಧುಮೇಹ. ನಮ್ಮೂರಿನ ಅರ್ಧ ಹೆಂಗಸರನ್ನು ಕೂರಿಸಿಬಿಟ್ಟಿರುವ ಮೊಣಕಾಲು ನೋವು ಅದರಲ್ಲಿಲ್ಲ!

ಕೇರಳದವರಾದ ನಮಗಿರುವ ಸರಕಾರಿ ಚಿಕಿತ್ಸಾ ಯೋಜನೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಕಾರ್ಡ್ ಇದ್ದ ಮಾತ್ರಕ್ಕೆ ಎಲ್ಲ ಆಪರೇಶನ್ನೂ ಒಳಗೆ ಬರುವುದಿಲ್ಲ. ಮಂಗಳೂರಿನ ಬಸ್ ಹತ್ತುವ ಮೊದಲು, ಆ ಆಸ್ಪತ್ರೆಯಲ್ಲಿ ಈ ಕಾರ್ಡ್ ನಡೆಯುತ್ತದೆಯೇ, ಈ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಕೌಂಟರಿನಲ್ಲಿ ವಿಚಾರಿಸಿ. ಒಪ್ಪಿಗೆ ಕೊಡುವವರು ನಿಮ್ಮನ್ನು ನೋಡುವುದಿಲ್ಲ, ಕಾಗದ ನೋಡುತ್ತಾರೆ.

ನಮ್ಮವರು ಸೋಲುವುದು ಅಲ್ಲೇ. ಒಬ್ಬರು ಅಕ್ಕ ನನ್ನೆದುರು ಕೂತು "ಶುಗರ್ ಇಲ್ಲ" ಎಂದರು. ಚಿಲ್ಲರೆಗಾಗಿ ಚೀಲ ತಡಕಿದಾಗ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ಅರ್ಧ ಪಟ್ಟಿ ಹೊರಗೆ ಬಿತ್ತು. ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ತಾಯಿಗೆ ಶುಗರ್ ಎಂದು ಸುದ್ದಿಯಾಗಬಾರದು. ಅದಕ್ಕೇ ಹಳೆಯ ಚೀಟಿ ಹರಿದುಹಾಕಿ, ಮೂರು ವರ್ಷದಿಂದ ಖಾಲಿ ಪಟ್ಟಿ ತೋರಿಸಿ ಅಂಗಡಿಯಿಂದ ಮಾತ್ರೆ ತರುತ್ತಿದ್ದರು. ಅವರ ಬಿಎಂಐ 35. ಕಾಯಿಲೆ ದಾಖಲಾಗಿದ್ದರೆ ಗೆರೆಯ ಒಳಗೆ, ಇಲ್ಲದಿದ್ದರೆ ಹೊರಗೆ. ಕಾಗದದ ಮಟ್ಟಿಗೆ ಆಕೆ ಆರೋಗ್ಯವಂತೆ.

ಗೊರಕೆಯದ್ದೂ ಇದೇ ಕಥೆ. ಉಸಿರು ನಿಂತೇ ಹೋಗುತ್ತದೆ ಎಂದು ಗಂಡ ಹೇಳಿದರೆ ಸಾಲದು, ನಿದ್ದೆಯ ಪರೀಕ್ಷೆಯ ವರದಿ ಬೇಕು. ಇನ್ನೊಂದು ಮಾತು: ಒಳಗೆ ಬಿಡುವ ಕಾಯಿಲೆಯೇ ಬಾಗಿಲಲ್ಲಿ ತಡೆಯಲೂಬಹುದು. ಸಕ್ಕರೆ ತೀರಾ ಏರಿದ್ದರೆ ಮೊದಲು ಅದನ್ನು ಇಳಿಸಿಕೊಂಡು ಬನ್ನಿ ಎನ್ನುತ್ತಾರೆ. ಥೈರಾಯ್ಡ್ ನೋಡುತ್ತಾರೆ, ಮನಸ್ಸಿನ ಸ್ಥಿತಿ ನೋಡುತ್ತಾರೆ, ಕುಡಿತ ಇದೆಯೇ ಎಂದು ಕೇಳುತ್ತಾರೆ. ಆಪರೇಶನ್ ಆದ ಮೇಲೆ ಜೀವನಪೂರ್ತಿ ವಿಟಮಿನ್ ಮಾತ್ರೆ ಉಂಟು. ಅದನ್ನು ಕೇಳಿಯೇ ಕೆಲವರು ಎದ್ದು ಹೋಗುತ್ತಾರೆ.

ಮೊನ್ನೆ ಆ ಅಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆಯ ವರದಿ ತಂದಿದ್ದರು. 9.4, ಹತೋಟಿ ತಪ್ಪಿದ ಮಟ್ಟ. ಹೆಸರಿತ್ತು, ತಾರೀಕಿತ್ತು. "ಮಗಳೇ ಕರೆದುಕೊಂಡು ಹೋದದ್ದು" ಎಂದರು.