ಯಾವ ಟ್ಯೂಬ್ ತಗೊಳ್ಳಲಿ, ಒಂದೇ ಮಾತಲ್ಲಿ ಹೇಳಿ

ನಾನು ವಾಟರ್ ಕಲರ್‌ನಲ್ಲಿ ಚಿತ್ರ ಬಿಡಿಸುತ್ತೇನೆ ಅಂತ ಗೊತ್ತಾದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: "ಟ್ಯೂಬ್ ಕಲರ್ ತಗೋಬೇಕು ಅಂತಿದ್ದೀನಿ. ಯಾವುದು ಬೆಸ್ಟ್? ಒಂದೇ ಮಾತಲ್ಲಿ ಹೇಳಿಬಿಡಿ." ಮೊದಮೊದಲು ಖುಷಿಯಿಂದ ವಿವರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೇ ಎದುರಿನವರ ಕಣ್ಣು ಮೊಬೈಲ್ ಕಡೆ ಜಾರುತ್ತಿತ್ತು. ಆಮೇಲೆ ಚಿಕ್ಕ ಉತ್ತರ ಕೊಟ್ಟು ನೋಡಿದೆ. "ಅಷ್ಟೇನಾ? ಗುಟ್ಟು ಬಿಟ್ಟುಕೊಡಲ್ಲ ನೀವು" ಅಂದರು. ಹಾಗಾಗಿ ಇನ್ನು ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಒಂದೇ ಮಾತು ಬೇಕಾದವರಿಗೆ: ಆರು ಟ್ಯೂಬ್. ಹೋಗಿ ಬನ್ನಿ.

ಉಳಿದವರು ಕೂತ್ಕೊಳ್ಳಿ.

ಪ್ರಶ್ನೆಗಿಂತ ಅದರ ಬಾಲವೇ ನನಗೆ ಜಾಸ್ತಿ ಸಿಟ್ಟು ತರಿಸುವುದು. "ನಾನೇನು ದೊಡ್ಡ ಆರ್ಟಿಸ್ಟ್ ಅಲ್ಲ, ಸುಮ್ನೆ ಟೈಂಪಾಸ್‌ಗೆ. ಯಾವುದಾದರೂ ನಡೆಯುತ್ತೆ." ಯಾವುದಾದರೂ ನಡೆಯುವುದಾದರೆ ನನ್ನನ್ನು ಯಾಕೆ ಕೇಳುತ್ತೀರಿ? ಕಲಿಯುವವರಿಗೆ ಕಳಪೆ ಬಣ್ಣ, ಕಲಿತವರಿಗೆ ಒಳ್ಳೆ ಬಣ್ಣ ಅನ್ನುವ ಈ ಲೆಕ್ಕ ಯಾರು ಹಾಕಿಕೊಟ್ಟರೋ. ಕೈ ಪಳಗಿದವರು ಎಂಥ ಬಣ್ಣದಲ್ಲೂ ಏನೋ ಮಾಡಿ ಪಾರಾಗುತ್ತಾರೆ. ಹೊಸಬರಿಗೆ ಚಿತ್ರ ಕೆಟ್ಟರೆ ತಪ್ಪು ತಮ್ಮ ಕೈಯದೋ ಬಣ್ಣದ್ದೋ ಅನ್ನುವುದೇ ತಿಳಿಯುವುದಿಲ್ಲ. ಕೊನೆಗೆ ತಮ್ಮನ್ನೇ ಬೈದುಕೊಂಡು ಬ್ರಷ್ ಎತ್ತಿಡುತ್ತಾರೆ.

ಟ್ಯೂಬಿನೊಳಗೆ ಇರುವುದು ಇಷ್ಟೇ. ಬಣ್ಣದ ನುಣ್ಣನೆಯ ಪುಡಿ, ಅದಕ್ಕೆ ಪಿಗ್ಮೆಂಟ್ ಅನ್ನುತ್ತಾರೆ. ಅದನ್ನು ಕಾಗದಕ್ಕೆ ಅಂಟಿಸಲು ಗಮ್ ಅರೇಬಿಕ್, ಅಂದರೆ ಜಾಲಿಯ ಜಾತಿಗೆ ಸೇರಿದ ಮರದ ಗೋಂದು. ಪೂರ್ತಿ ಒಣಗಿ ಬಿರುಕು ಬಿಡದಿರಲಿ ಅಂತ ಗ್ಲಿಸರಿನ್ ಅಥವಾ ಜೇನು. ಒಳ್ಳೆಯ ಟ್ಯೂಬಿನಲ್ಲಿ ಪುಡಿ ಜಾಸ್ತಿ. ಕಡಿಮೆ ದರ್ಜೆಯದರಲ್ಲಿ ಪುಡಿ ಕಡಿಮೆ, ಅದರ ಜಾಗದಲ್ಲಿ ಬಣ್ಣವಿಲ್ಲದ ಬೇರೆ ಪುಡಿ ತುಂಬಿರುತ್ತಾರೆ. ನೀರು ಹಾಕಿದ ಕೂಡಲೇ ಅದು ಸೋತುಬಿಡುತ್ತದೆ. ಹಾಗಂತ ಸ್ಟೂಡೆಂಟ್ ಗ್ರೇಡ್ ಅಂತ ಬರೆದದ್ದೆಲ್ಲ ಕೆಟ್ಟದ್ದಲ್ಲ. ಲೇಬಲ್ ಮೇಲೆ ಒಳಗೇನಿದೆ ಅಂತ ನೆಟ್ಟಗೆ ಬರೆದಿದ್ದರೆ ಧೈರ್ಯವಾಗಿ ತಗೊಳ್ಳಿ.

ಲೇಬಲ್ ಓದುವುದು ಅಂದರೆ ಶೇಡಿನ ಹೆಸರು ಓದುವುದಲ್ಲ. ಹೆಸರನ್ನು ಕಂಪನಿಯವರು ತಮಗೆ ಬೇಕಾದ ಹಾಗೆ ಇಟ್ಟಿರುತ್ತಾರೆ. ಟ್ಯೂಬನ್ನು ತಿರುಗಿಸಿ, ಸಣ್ಣ ಅಕ್ಷರದಲ್ಲಿ 'ಪಿಬಿ 29' ಅನ್ನುವಂಥ ಗುರುತು ಹುಡುಕಿ. ಪಿ ಅಂದರೆ ಪಿಗ್ಮೆಂಟ್, ಬಿ ಅಂದರೆ ಬ್ಲೂ (ಹಳದಿಗೆ ವೈ, ಕೆಂಪಿಗೆ ಆರ್, ನೇರಳೆಗೆ ವಿ, ಕಂದಿಗೆ ಬಿಆರ್), 29 ಅಂದರೆ ಅಲ್ಟ್ರಾಮರೀನ್. ಯಾವ ಕಂಪನಿಯ ಟ್ಯೂಬಾದರೂ ಈ ನಂಬರು ಬದಲಾಗುವುದಿಲ್ಲ. ಒಂದೇ ನಂಬರು ಇದ್ದರೆ ಒಂದೇ ಪಿಗ್ಮೆಂಟ್, ಬೇರೆಯದರ ಜೊತೆ ಕಲಸಿದರೂ ಸ್ವಚ್ಛವಾಗಿರುತ್ತದೆ. ಮೂರು ನಂಬರು ಇದ್ದರೆ ಅವರೇ ಆಗಲೇ ಕಲಸಿಬಿಟ್ಟಿದ್ದಾರೆ. ಅದಕ್ಕೆ ನೀವು ಇನ್ನೆರಡು ಸೇರಿಸಿದರೆ ಕೆಸರೇ ಗತಿ. ಹೆಸರಿನ ಕೊನೆಗೆ 'ಹ್ಯೂ' ಅಂತಿದ್ದರೆ ಆ ಹೆಸರಿನ ಮೂಲ ಪಿಗ್ಮೆಂಟ್ ಒಳಗಿಲ್ಲ, ಬಣ್ಣ ಮಾತ್ರ ಹಾಗೆ ಕಾಣುತ್ತದೆ ಅಂತ ಅರ್ಥ. ಇದು ಮೋಸವೇನಲ್ಲ, ಬರೆದೇ ಕೊಟ್ಟಿದ್ದಾರಲ್ಲ.

ಇನ್ನೊಂದು, ಬಿಸಿಲಿಗೆ ಬಣ್ಣ ಹಾರುವ ವಿಚಾರ. ಹಳೆಯ ಅಲಿಜರಿನ್ ಕ್ರಿಮ್ಸನ್, ಅಂದರೆ ಪಿಆರ್ 83, ಬೆಳಕಿಗೆ ಮಾಸುತ್ತದೆ. ಒಪೆರಾ ಪಿಂಕ್ ಅಂತ ಎಲ್ಲರೂ ಮುಗಿಬೀಳುವ ಆ ಹೊಳೆಯುವ ಗುಲಾಬಿ ಇನ್ನೂ ಬೇಗ. ಅನುಮಾನ ಇದ್ದರೆ ಒಂದು ಚೀಟಿಗೆ ಬಣ್ಣ ಹಚ್ಚಿ, ಅರ್ಧ ಭಾಗಕ್ಕೆ ದಪ್ಪ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ ಮರೆತುಬಿಡಿ. ಕೆಲವು ತಿಂಗಳ ಮೇಲೆ ರಟ್ಟು ತೆಗೆದರೆ ಗೊತ್ತಾಗುತ್ತದೆ.

ಈಗ ಆ ಆರು. ಹಳದಿಗೆ ಪಿವೈ 154. ಕೆಂಪಿನ ಕಡೆಗೆ ಪಿವಿ 19, ಅದು ಕ್ವಿನಾಕ್ರಿಡೋನ್ ರೋಸ್. ನೀಲಿ ಎರಡು: ಅಲ್ಟ್ರಾಮರೀನ್ ಮತ್ತು ಥ್ಯಾಲೋ ಬ್ಲೂ, ಪಿಬಿ 15. ಮಣ್ಣಿನ ಬಣ್ಣ ಎರಡು: ಯೆಲ್ಲೋ ಓಕರ್ ಪಿವೈ 43, ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ. ಈ ಕೊನೆಯದು ಪಿಬಿಆರ್ 7 ಇದ್ದರೂ ಸರಿ, ಪಿಆರ್ 101 ಇದ್ದರೂ ಸರಿ. ಕಪ್ಪು ಎಲ್ಲಿ ಅಂತ ಕೇಳಬೇಡಿ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಕಲಸಿ ನೋಡಿ. ಮಳೆ ಮೋಡದ ಬೂದಿಯಿಂದ ಹಿಡಿದು ಹೆಚ್ಚುಕಮ್ಮಿ ಕಪ್ಪಿನವರೆಗೆ ಎಲ್ಲ ಅದರಲ್ಲೇ ಸಿಗುತ್ತದೆ. ಹಸಿರು ಎಲ್ಲಿ ಅಂತಲೂ ಕೇಳಬೇಡಿ. ಎರಡು ನೀಲಿ, ಓಕರ್ ಸೇರಿ ಎರಡು ಹಳದಿ ಇಟ್ಟುಕೊಂಡು ಹಸಿರು ಕೇಳುತ್ತೀರಲ್ಲ!

ಅಲ್ಟ್ರಾಮರೀನ್ ಬಗ್ಗೆ ಒಂದು ಮಾತು. ಒಂದು ಕಾಲದಲ್ಲಿ ಇದು ಲ್ಯಾಪಿಸ್ ಲಾಜುಲಿ ಅನ್ನುವ ನೀಲಿ ಕಲ್ಲನ್ನು ಅರೆದು ತೆಗೆದ ಬಣ್ಣ. ತುಂಬಾ ದುಬಾರಿ. 1828ರಲ್ಲಿ ಫ್ರಾನ್ಸಿನ ಗಿಮೆ ಅನ್ನುವ ರಸಾಯನಶಾಸ್ತ್ರಜ್ಞ ಅದನ್ನು ಕೃತಕವಾಗಿ ಮಾಡಿದ್ದಕ್ಕೆ ಬಹುಮಾನ ಗೆದ್ದ. ಇವತ್ತು ಅದು ಅಗ್ಗದ ಸೀರೀಸ್‌ನಲ್ಲೇ ಸಿಗುತ್ತದೆ. ಟ್ಯೂಬಿನ ಮೇಲಿನ ಸೀರೀಸ್ ನಂಬರು ಹೇಳುವುದು ಬೆಲೆಯ ಮಟ್ಟವನ್ನು, ಗುಣವನ್ನಲ್ಲ. ದುಬಾರಿ ಸೀರೀಸ್ ತಗೊಂಡರೆ ಚಿತ್ರ ಚೆನ್ನಾಗಿ ಬರುತ್ತದೆ ಅಂದುಕೊಂಡಿರುವವರಿಗೆ ಇದನ್ನು ಹೇಳಬೇಕಾಯಿತು.

ಇಷ್ಟು ಹೇಳಿದ ಮೇಲೂ ಜನ 36ರ ಸೆಟ್ಟನ್ನೇ ತರುತ್ತಾರೆ. ಹೀಗೆ ಒಬ್ಬರು, ನಮ್ಮ ಮೇಲಿನ ಮನೆಯವರು, ಬಾಕ್ಸ್ ಹಿಡಿದುಕೊಂಡು ಬಂದರು. "ನನ್ನ ಆಕಾಶದಲ್ಲಿ ಯಾವಾಗಲೂ ಗೆರೆ ಗೆರೆ ಬರುತ್ತೆ ರೀ. ಇದಕ್ಕಿಂತ ಒಳ್ಳೆ ಕಂಪನಿ ಯಾವುದು ಹೇಳಿ." ಬಾಕ್ಸ್ ತೆಗೆದೆ. ಹಳದಿಯಿಂದ ಕಪ್ಪಿನವರೆಗೆ ಟ್ಯೂಬುಗಳು ಸಾಲಾಗಿ ಮಲಗಿದ್ದವು. ಒಂದರ ಹೊಟ್ಟೆಯೂ ಕುಗ್ಗಿರಲಿಲ್ಲ. ಬಿಳಿಯದೊಂದು ಮಾತ್ರ ಬಾಲದಿಂದ ಕುತ್ತಿಗೆವರೆಗೂ ಚಪ್ಪಟೆಯಾಗಿ ಸುರುಳಿ ಸುತ್ತಿಕೊಂಡಿತ್ತು. "ವೈಟ್ ಬೇಗ ಖಾಲಿಯಾಗುತ್ತೆ. ಅದೊಂದು ಬಿಡಿಯಾಗಿ ಸಿಗುತ್ತಾ?" ಅಂತ ಬೇರೆ ಕೇಳಿದರು.

ವಾಟರ್ ಕಲರ್‌ನಲ್ಲಿ ಬಣ್ಣವನ್ನು ತಿಳಿ ಮಾಡುವುದು ನೀರು. ಬಿಳಿ ಅಂದರೆ ಕಾಗದವೇ. ಬೆಳಕು ತೆಳುವಾದ ಬಣ್ಣದ ಪದರ ದಾಟಿ, ಕಾಗದ ಮುಟ್ಟಿ ವಾಪಸ್ ಬರಬೇಕು, ಆಗಲೇ ಆ ಹೊಳಪು. ಟೈಟಾನಿಯಂ ವೈಟ್ ಬೆರೆಸಿದರೆ ಬೆಳಕು ನಡುವೆಯೇ ನಿಂತುಬಿಡುತ್ತದೆ, ಆಕಾಶ ಸುಣ್ಣ ಬಳಿದ ಗೋಡೆಯ ಹಾಗಾಗುತ್ತದೆ. ಕೊನೆಯಲ್ಲಿ ಕಣ್ಣಿನ ಮಿಂಚಿಗೋ ನೀರಿನ ಹೊಳಪಿಗೋ ಒಂದು ಚುಕ್ಕೆ ಇಡಲು ಬಿಳಿ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ.

ಆದರೆ ಗೆರೆಗೆ ಕಾರಣ ಅದಲ್ಲ. "ಪ್ಯಾಲೆಟ್ ತೋರಿಸಿ" ಅಂದೆ. ಪ್ರತಿ ಗುಳಿಯಲ್ಲೂ ಸಾಸಿವೆ ಕಾಳಿನಷ್ಟು ಬಣ್ಣ. ಸಣ್ಣ ಬ್ರಷ್ಷಿನ ತುದಿಯಲ್ಲಿ ಅದನ್ನೇ ಕೆದಕಿ ಕೆದಕಿ ನೀರು ಸೇರಿಸುವುದು. ಅರ್ಧ ಆಕಾಶಕ್ಕೇ ನೀಲಿ ಮುಗಿಯುವುದು. ಮತ್ತೆ ಹಿಂಡಿ ಕಲಸುವಷ್ಟರಲ್ಲಿ ಹಚ್ಚಿದ ಭಾಗ ಒಣಗಿ ಅಂಚು ಕಟ್ಟುವುದು. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಹೊಂದದಿರುವುದು. ಇದಕ್ಕೆ ಯಾವ ಕಂಪನಿ ಏನು ಮಾಡೀತು?

ನನ್ನನ್ನು ಯಾರೂ ಕೇಳದ ಪ್ರಶ್ನೆ ಇದೇ: ಎಷ್ಟು ಹಿಂಡಬೇಕು? ಯಾವುದು ಕೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಕೊಂಡದ್ದನ್ನು ಹೊರಗೆ ತೆಗೆಯೋದು ಹೇಗೆ ಅಂತ ಒಬ್ಬರೂ ಕೇಳಿಲ್ಲ.

ಕಿರುಬೆರಳಿನ ಉಗುರಿನಷ್ಟು ಹಿಂಡಿ. ಆಕಾಶ ದೊಡ್ಡದಿದ್ದರೆ ಅದರ ಎರಡು ಪಾಲು. ಮೊದಲು ಅಗಲವಾದ ಗುಳಿಗೆ ನೀರು ಹಾಕಿ, ಆಮೇಲೆ ದೊಡ್ಡ ಬ್ರಷ್ಷಿನಲ್ಲಿ ಬಣ್ಣ ತಂದು ಕರಗಿಸಿ. ಬೇಕಾಗಬಹುದು ಅಂತ ನಿಮಗೆ ಅನಿಸಿದ್ದಕ್ಕಿಂತ ಜಾಸ್ತಿಯೇ ಕಲಸಿ. ಪ್ಯಾಲೆಟ್ಟನ್ನು ಓರೆ ಮಾಡಿ ನೋಡಿ. ಸರ್ರನೆ ಹರಿದರೆ ತಿಳಿ, ಆಕಾಶಕ್ಕೆ ಸಾಕು. ಸೋಮಾರಿಯಾಗಿ ಇಳಿದರೆ ಮರಗಿಡಕ್ಕೆ ಸರಿ. ಕೂತಲ್ಲೇ ಕೂತರೆ ಅದು ಕೊನೆಯ ಗಾಢ ಗೆರೆಗಳಿಗೆ. ಹಸಿಯಾಗಿದ್ದಾಗ ಕಾಣುವ ಬಣ್ಣವನ್ನು ನಂಬಬೇಡಿ, ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿಯಾಗುತ್ತದೆ. ಥ್ಯಾಲೋ ಬ್ಲೂ ಒಂದರ ವಿಷಯದಲ್ಲಿ ಮಾತ್ರ ಜಿಪುಣರಾಗಿ. ಅದು ಜೊತೆಗಿರುವ ಎಲ್ಲರನ್ನೂ ನುಂಗುತ್ತದೆ, ಕಾಗದಕ್ಕೆ ಹಿಡಿದರೆ ಬಿಡುವುದೂ ಇಲ್ಲ, ಅಂಗಿಯಿಂದಲೂ ಹೋಗುವುದಿಲ್ಲ.

"ಅಷ್ಟೊಂದು ಹಿಂಡಿದರೆ ಒಣಗಿ ವೇಸ್ಟ್ ಆಗಲ್ವಾ?" ಇದು ಮೇಲಿನ ಮನೆಯವರ ಮುಂದಿನ ಪ್ರಶ್ನೆ. ಸದ್ಯ, ಇಷ್ಟಾದರೂ ಕೇಳಿದರಲ್ಲ. ಒಣಗುತ್ತದೆ, ವೇಸ್ಟ್ ಆಗುವುದಿಲ್ಲ. ಒಣಗಿ ಕಲ್ಲಾಗಿ ಮತ್ತೆ ಕರಗದಿರುವುದು ಅಕ್ರಿಲಿಕ್. ಗೋಂದಿನ ಬಣ್ಣ ಮತ್ತೆ ನೀರು ಬಿದ್ದ ಕೂಡಲೇ ಎದ್ದು ಬರುತ್ತದೆ. ನೀವು ಕೇಕ್ ಅಂತ ಕೊಳ್ಳುತ್ತೀರಲ್ಲ, ಅದೂ ಹೆಚ್ಚುಕಮ್ಮಿ ಇದೇ ಬಣ್ಣ, ಒಣಗಿದ ರೂಪ. ಬೇಕಾದರೆ ಟ್ಯೂಬಿನಿಂದಲೇ ಕೇಕ್ ಮಾಡಿಕೊಳ್ಳಿ. ಕೇಕ್ ಕೂರುವ ಚಿಕ್ಕ ಡಬ್ಬಿಗೆ, ಅಂದರೆ ಹಾಫ್ ಪ್ಯಾನ್‌ಗೆ, ಸುಮಾರು 2 ಮಿ.ಲೀ. ಹಿಡಿಯುತ್ತದೆ, 5 ಮಿ.ಲೀ. ಟ್ಯೂಬಿನಲ್ಲಿ ಎರಡು ಸಲ ತುಂಬಬಹುದು. ಒಂದೇ ಸಲಕ್ಕೆ ಕಂಠಮಟ್ಟ ತುಂಬಬೇಡಿ. ಅರ್ಧ ಹಾಕಿ, ಕಡ್ಡಿಯಿಂದ ಗುಳ್ಳೆ ಒಡೆದು, ಒಣಗಿದ ಮೇಲೆ ಇನ್ನರ್ಧ. ಜೇನು ಜಾಸ್ತಿ ಇರುವ ಬಣ್ಣ ತೇವದ ಹವೆಯಲ್ಲಿ ಜಿಗುಟಾಗಿಯೇ ಉಳಿಯುತ್ತದೆ, ಗಾಬರಿ ಬೇಡ. ಪ್ಯಾಲೆಟ್ ಹಸಿ ಇರುವಾಗ ಮುಚ್ಚಿಟ್ಟರೆ ಮಾತ್ರ ಬೂಷ್ಟು ಹಿಡಿಯುತ್ತದೆ. ತೆರೆದಿಟ್ಟು ಒಣಗಿಸಿ, ಆಮೇಲೆ ಮುಚ್ಚಿ.

ಟ್ಯೂಬ್ ಹುಟ್ಟಿದ್ದಾದರೂ ಯಾಕೆ? ಮೊದಲು ತೈಲವರ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಬೇಕಾದಾಗ ಚುಚ್ಚಿ ಹಿಂಡಬೇಕು, ಆ ತೂತನ್ನು ಮತ್ತೆ ಸರಿಯಾಗಿ ಮುಚ್ಚುವುದೇ ಕಷ್ಟ. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ವಾಟರ್ ಕಲರ್ ಕೂಡ ಆಮೇಲೆ ಅದರೊಳಗೆ ಬಂದು ಕೂತಿತು. ಬೇಕಾದಷ್ಟು ತಾಜಾ ಬಣ್ಣ ಹಿಂಡಿಕೊಂಡು ಮತ್ತೆ ಭದ್ರವಾಗಿ ಮುಚ್ಚಿಡಲಿ ಅಂತ ಆತ ಇಷ್ಟು ಮಾಡಿದ. ನಾವು ಮುಚ್ಚಿಡುವ ಕೆಲಸವೊಂದನ್ನೇ ಚೆನ್ನಾಗಿ ಕಲಿತಿದ್ದೇವೆ.

ಇನ್ನು ರಿಪೇರಿಯ ಪ್ರಶ್ನೆಗಳು. ಮುಚ್ಚಳ ಅಂಟಿಕೊಂಡಿದೆಯಾ? ಟ್ಯೂಬಿನ ಕುತ್ತಿಗೆ ಹಿಡಿದು, ಮುಚ್ಚಳವನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಅದ್ದಿ ತಿರುಗಿಸಿ. ಹೊಟ್ಟೆ ಹಿಡಿದು ತಿರುಚಿದರೆ ತಗಡು ಹರಿಯುತ್ತದೆ. ಮುಂದಿನ ಸಲ ಮುಚ್ಚುವ ಮೊದಲು ಕುತ್ತಿಗೆಯ ತಿರುಪಿನ ಮೇಲಿನ ಬಣ್ಣ ಒರೆಸಿ, ಅಂಟುವುದೇ ಇಲ್ಲ. ಹಿಂಡಿದಾಗ ಮೊದಲು ಅಂಟು ನೀರು ಬಂತಾ? ಗೋಂದು ಬೇರೆಯಾಗಿದೆ, ಉದ್ದ ಸೂಜಿ ಹಾಕಿ ಒಳಗೇ ಕಲಕಿ. ಒಳಗೆ ಪೂರ್ತಿ ಗಟ್ಟಿಯಾಗಿದೆಯಾ? ಬಿಸಾಡಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತಗಡು ಸುಲಿದು, ಒಳಗಿನ ಗಟ್ಟಿಯನ್ನು ಪ್ಯಾಲೆಟ್‌ನ ಗುಳಿಯಲ್ಲಿ ಕೂರಿಸಿ ಎರಡು ಹನಿ ನೀರು ಬಿಡಿ.

ಆರರ ಮೇಲೆ ಏಳನೆಯದು ಯಾವುದು ಅಂತ ನನಗೆ ಈಗಲೇ ಮೆಸೇಜ್ ಮಾಡಬೇಡಿ. ಮೊದಲು ಒಂದನ್ನು ಖಾಲಿ ಮಾಡಿ, ಯಾವುದು ಖಾಲಿಯಾಯಿತು ಅಂತ ಬರೆಯಿರಿ. ಓಕರ್ ಮುಗಿದಿದ್ದರೆ ನೀವು ಬಯಲು, ಕಲ್ಲು, ಗೋಡೆ ಬಿಡಿಸುವವರು, ನಿಮಗೊಂದು ಗಾಢ ಕಂದು ಹೇಳುತ್ತೇನೆ. ರೋಸ್ ಮುಗಿದಿದ್ದರೆ ಹೂವಿನವರು, ಒಂದು ಬೆಚ್ಚನೆ ಕೆಂಪು. ಬಿಳಿ ಮುಗಿದಿದ್ದರೆ ಇದನ್ನು ಇನ್ನೊಂದು ಸಲ ಮೊದಲಿಂದ ಓದಿ.