ಆರನೇ ಚಂದ್ರ

ಐದು ಗಾಜಿನ ಚಂದ್ರ ಒಡೆದು ಡಬ್ಬಿ ಸೇರಿದವು. ಆರನೆಯವನು ನಿನ್ನೆ ರಾತ್ರಿ ಕೊನೆಗೂ ಕೂತ.

ಕಳೆದ ಸಲ ಹೇಳಿದ್ದೆನಲ್ಲ, ಧಾರವಾಡದ ಸಪ್ತಾಪುರದಲ್ಲಿ ನಮ್ಮ ಓಣಿಯ ಟೀಚರ್ ಮನೆಯ ಕಿಟಕಿಗೆ ಬಣ್ಣದ ಗಾಜಿನ ಮೇರಿಯಮ್ಮ ಅಂತ. ಬೈಬಲಿನ ಪ್ರಕಟನೆ ಪುಸ್ತಕದ 12ನೇ ಅಧ್ಯಾಯದಲ್ಲಿ ಬರುವ ಹೆಂಗಸು: ಸೂರ್ಯನನ್ನೇ ಉಟ್ಟವಳು, ಕಾಲ ಕೆಳಗೆ ಚಂದ್ರ, ತಲೆಯ ಮೇಲೆ ಹನ್ನೆರಡು ನಕ್ಷತ್ರದ ಕಿರೀಟ. ನಕ್ಷತ್ರ, ಕಿರಣ ಎಲ್ಲ ಎರಡೇ ಭಾನುವಾರದಲ್ಲಿ ಮುಗಿದವು. ನೇರ ಗೆರೆಗಳು, ಏನು ಕಷ್ಟ. ಕೈಕೊಟ್ಟದ್ದು ಚಂದ್ರ.

ಬಿದಿಗೆ ಚಂದ್ರನ ಹೊರಬಳುಕು ಸುಲಭ. ಒಳಬಳುಕಿನಲ್ಲೇ ಗಾಜು ಹಟ ಮಾಡೋದು. ಕಟರ್ ಗೆರೆ ಎಷ್ಟೇ ಚಂದ ಎಳೆಯಿರಿ, ಪಕ್ಕಡ್ ಒತ್ತಿದ ಕೂಡಲೇ ಬಿರುಕು ಗೆರೆ ಬಿಟ್ಟು ಸೀದಾ ಕೊಂಬಿಗೆ, ಅಂದರೆ ಚಂದ್ರನ ಚೂಪು ತುದಿಗೆ, ಓಡುತ್ತೆ. ಟಕ್! ಎರಡು ಹಾಗೇ ಹೋದವು. ಮೂರನೆಯದನ್ನು ಸಣ್ಣ ಸಣ್ಣ ಕಮಾನು ಮಾಡಿ ಚೂರುಚೂರೇ ಕಚ್ಚಿ ತೆಗೆದೆ. ಒಂದೇ ಕಮಾನು ಉಳಿದಿತ್ತು, ಕರೆಂಟ್ ಹೋಯಿತು. ನಾಲ್ಕನೆಯದನ್ನು ಗಾಜಿನ ಅಂಚು ಉಜ್ಜುವ ಗ್ರೈಂಡರ್ ತಿಂದಿತು. ಐದನೆಯದಕ್ಕೆ ಚಂದ್ರನಾಗುವ ಭಾಗ್ಯವೂ ಇರಲಿಲ್ಲ. ಹಾಲುಬಿಳಿ ಗಾಜು ಕಳಿಸಿದ ಪುಣ್ಯಾತ್ಮ ಡಬ್ಬದ ಮೇಲೆ 'ಜೋಪಾನ' ಅಂತ ನಾಲ್ಕು ಚೀಟಿ ಅಂಟಿಸಿದ್ದ. ಒಳಗೆ ಒಂದು ಹಾಳೆ ಪೇಪರ್ ಇಲ್ಲ!

ತಲೆಕೆಟ್ಟು ಮೇರಿಯಮ್ಮನ ಹಳೇ ವರ್ಣಚಿತ್ರ ನೋಡುತ್ತಾ ಕೂತೆ. ಸ್ಪೇನಿನ ಚಿತ್ರಕಾರ ಪಾಚೆಕೊ 1649ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಚಂದ್ರನ ಕೊಂಬು ಕೆಳಮುಖವೇ ಇರಬೇಕು ಅಂತಾನೆ. ಅಲ್ಲಿನದೇ ಚಿತ್ರಕಾರ ಮುರಿಲ್ಯೊ ಕೇಳಲಿಲ್ಲ, ಮೇಲ್ಮುಖ ಬರೆದ. ಪಾಚೆಕೊನ ಅಳಿಯ, ಅವನೂ ಚಿತ್ರಕಾರನೇ, ವೆಲಾಸ್ಕೆಸ್ ಭಾರಿ ಜಾಣ. ಕೊಂಬಿನ ತಂಟೆಯೇ ಬೇಡ ಅಂತ ಗಾಜಿನ ಗೋಲಿಯ ಹಾಗೆ ದುಂಡು ಚಂದ್ರ. ಬೈಬಲಲ್ಲೂ ಬರೀ ಚಂದ್ರ ಅಂತಿದೆ, ಕೊಂಬಿನ ಮಾತಿಲ್ಲ. ಆಸೆಯಾಯಿತು. "ದುಂಡಗೆ ಮಾಡಲೇನ್ರಿ?" ಅಂದೆ. "ಬ್ಯಾಡ್ರಿ, ನಮ್ಮವ್ವನ ಮನಿ ಪಟದಾಗ ಕೊಂಬದಾವ" ಅಂದರು ಟೀಚರ್.

ಆರನೆಯದನ್ನು ಮೂರು ತುಂಡು ಮಾಡಿದೆ. ಎರಡು ಕೊಂಬು, ಒಂದು ಹೊಟ್ಟೆ. ಒಂದೊಂದರ ಬಳುಕೂ ಕಡಿಮೆ, ಗಾಜು ತಕರಾರಿಲ್ಲದೆ ಬಿಟ್ಟುಕೊಟ್ಟಿತು. ಆದರೆ ತುಂಡು ಬೆಸೆದಲ್ಲಿ ಚಂದ್ರನ ಮೈಮೇಲೆ ಎರಡು ಸೋಲ್ಡರ್ (ಬೆಸುಗೆ ಲೋಹ) ಗೆರೆ ಬಂದವು. ಮೇಲಿನ ನಿಲುವಂಗಿಯ ಮಡಿಕೆ ಗೆರೆಗಳನ್ನು ಅವಕ್ಕೇ ತಂದು ಕೂಡಿಸಿದೆ. ಈಗ ಬೇಕಂತಲೇ ಮಾಡಿದ ಹಾಗಿದೆ.

ಸೋಲ್ಡರ್ ಹರಿಯುವಾಗ ಒಂದು ಹೊಳೆಯಿತು. ನಮ್ಮ ಸೋಲ್ಡರ್ 60 ಭಾಗ ತವರ, 40 ಭಾಗ ಸೀಸ ಅಲ್ವಾ? ಲೋಹವನ್ನು ಚಿನ್ನ ಮಾಡಹೊರಟಿದ್ದ ಯುರೋಪಿನ ರಸವಾದಿಗಳಿಗೆ ತವರ ಅಂದರೆ ಗುರು, ಸೀಸ ಅಂದರೆ ಶನಿ. ಖಗೋಳಜ್ಞ ಕೆಪ್ಲರ್ 1603ರಲ್ಲಿ ಆಕಾಶದಲ್ಲಿ ಗುರು-ಶನಿ ಹತ್ತಿರ ಬಂದ ಜೋಡಿ ನೋಡಿದ, ಮರುವರ್ಷ ಹೊಸ ನಕ್ಷತ್ರ ನೋಡಿದ. ಆಮೇಲೆ ಲೆಕ್ಕ ಹಾಕಿ, ಕ್ರಿ.ಪೂ. 7ರ ಗುರು-ಶನಿ ಜೋಡಿಯನ್ನು ಯೇಸು ಹುಟ್ಟಿದಾಗ ಕಂಡಿತೆಂಬ ಬೆತ್ಲೆಹೇಮಿನ ನಕ್ಷತ್ರದ ಕಥೆಗೆ ಗಂಟು ಹಾಕಿದ. ಅದೇ ಜೋಡಿಯನ್ನು ನಾನು ಸುಮ್ನೆ 350 ಡಿಗ್ರಿಯಲ್ಲಿ ಕೂಡಿಸುತ್ತಿದ್ದೇನೆ! ಸೋಲ್ಡರ್ ಕೆಳಗೆ ಗಾಜಿನ ಅಂಚಿಗೆ ಸುತ್ತಿದ ತಾಮ್ರದ ಪಟ್ಟಿ ಶುಕ್ರ. ಅವ್ವನಿಗೆ ಹೇಳಿದೆ. "ಶನಿಗೆ ಕಬ್ಬಣ ಅಲ್ಲೇನೋ, ಸೀಸ ಎಲ್ಲಿಂದ ಬಂತು?" ಅಂದಳು. ರಸವಾದಿಗಳ ಲೆಕ್ಕದಲ್ಲಿ ಕಬ್ಬಿಣ ಮಂಗಳನ ಪಾಲು, ಏನು ಮಾಡಲಿ.

ಅದಕ್ಕೇ ಮುಂದಿನದು ಏಳು ಲೋಹದ ಏಳು ಗ್ರಹ, ಒಂದೇ ಹಲಗೆ ಮೇಲೆ. ಚಂದ್ರನಿಗೆ ಬೆಳ್ಳಿ ಕಾಲುಂಗುರದ ಚೂರಿದೆ. ಸೂರ್ಯನ ಚಿನ್ನಕ್ಕೆ ಹಿತ್ತಾಳೆಯಲ್ಲೇ ಮೋಸ ಮಾಡುವವನಿದ್ದೇನೆ. ಬುಧನಿಗೆ ಮಾತ್ರ ಪಾದರಸವೇ ಬೇಕು. ಹಳೇ ಥರ್ಮಾಮೀಟರ್ ಇದ್ದವರು ಹೇಳಿ. ಕೊರಿಯರ್ ಬೇಡ, ನಾನೇ ಬಂದು ಒಯ್ಯುತ್ತೇನೆ.